ನಾಲ್ಕು ಊರಿನ ಸರದಿ ಪಟ್ಟಿ

ಕಳೆದ ವಾರ ಇಂಡಿಯಿಂದ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಗೆಳತಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಝಳಕಿಗೆ ಹೋಗಬೇಕಿತ್ತು. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ, ಬಿಸಿಲು ಮೊಣಕೈ ಸುಡುತ್ತಿತ್ತು. ಅಷ್ಟರಲ್ಲಿ ಎರಿಮಣ್ಣು ನೆನೆದ ವಾಸನೆ ಘಮ್ಮೆಂದು ಒಳಗೆ ಬಂತು. ಮಳೆಯಿಲ್ಲದ ದಿನ ಆ ವಾಸನೆ ಬಂದರೆ ಅರ್ಥ ಒಂದೇ, ಹತ್ತಿರದ ಯಾವುದೋ ಹೊಲಕ್ಕೆ ಕಾಲುವೆಯ ನೀರು ಬಿಟ್ಟಿದ್ದಾರೆ. ಬೇರೆಯವರಿಗೆ ಅದು ಹಿತವಾದ ವಾಸನೆ. ನನಗೆ ಹಾಗಲ್ಲ. ಕೈ ತಾನಾಗಿ ಚೀಲದೊಳಗಿನ ಫೋನಿಗೆ ಹೋಯಿತು. ಮೇಲ್ ತೆಗೆದು ನೋಡಿದೆ. ಏನೂ ಬಂದಿರಲಿಲ್ಲ. ಎರಡು ವರ್ಷದಿಂದ ಬಾರದ ಒಂದು ಉತ್ತರ ಈ ಬಸ್ಸಿನಲ್ಲಿ ಬಂದೀತೇ ಎಂದು ನನಗೆ ನಾನೇ ಬೈದುಕೊಂಡೆ.

ಎರಡು ವರ್ಷದ ಹಿಂದಿನ ಹಿಂಗಾರಿ ಅದು. ನನಗಾಗ ಇಪ್ಪತ್ತಾರು. ತಾಳಿಕೋಟೆಯವಳು, ಬಿಸಿಎ ಮುಗಿಸಿ ಅಲ್ಲಿ ಇಲ್ಲಿ ಅರೆಬರೆ ಕೆಲಸ ಮಾಡಿ, ಬಸವನ ಬಾಗೇವಾಡಿಯಲ್ಲಿದ್ದ ನೀರು ಬಳಕೆದಾರರ ಒಂದು ಒಕ್ಕೂಟದಲ್ಲಿ ಆರು ತಿಂಗಳ ಗುತ್ತಿಗೆಯ ಮೇಲೆ ಸೇರಿದ್ದೆ. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಈ ನಾಲ್ಕು ತಾಲೂಕಿನ ಹಳ್ಳಿಗಳಲ್ಲಿ ಸಂಘಗಳಿದ್ದವು. ಕಾಲುವೆಯ ಯಾವ ಗೇಟು ಯಾವ ದಿನ ಏಳುತ್ತದೆ, ಯಾವ ಊರಿಗೆ ಎಷ್ಟು ಹೊತ್ತು ನೀರು ಎಂಬ ಸರದಿಯನ್ನು ಒಕ್ಕೂಟ ಆಯಾ ಊರಿನ ಸಂಘದ ಕಾರ್ಯದರ್ಶಿಗೆ ತಿಳಿಸಬೇಕು. ತಿಳಿದರೆ ಅವರು ಹೊಲಗಾಲುವೆ ಹಸನು ಮಾಡಿಕೊಂಡು ಕಾಯುತ್ತಾರೆ. ತಿಳಿಯದಿದ್ದರೆ ನೀರು ಬಂದ ದಾರಿಯಲ್ಲೇ ಹಳ್ಳ ಸೇರುತ್ತದೆ.

ಮೊದಲು ಮೊಬೈಲಿನಲ್ಲಿ ಒಂದು ಗ್ರೂಪ್ ಇತ್ತಂತೆ. ಬೆಳಗಿನ ಶುಭೋದಯದ ಗುಲಾಬಿ, ಮಾರಾಟಕ್ಕಿರುವ ಎತ್ತಿನ ಫೋಟೋ, ಯಾರದೋ ಮಗಳ ಕುಬುಸದ ಕರೆಯೋಲೆ, ಇವುಗಳ ಕೆಳಗೆ ಸರದಿ ಹೂತುಹೋಗುತ್ತಿತ್ತು. ಹಿಂದಿನ ವರ್ಷ ಎರಡು ಊರಿನವರು ನೀವು ಹೇಳಲಿಲ್ಲ, ನಾವು ಹೇಳಿದ್ದೆವು ಎಂದು ಕಾಲುವೆಯ ಏರಿಯ ಮೇಲೆಯೇ ಕೈ ಕೈ ಮಿಲಾಯಿಸಿದ್ದರು. ಹಾಗಾಗಿ ಒಕ್ಕೂಟದ ಅಧ್ಯಕ್ಷರಾದ ಬಿರಾದಾರ ಸರ್ ಮೇಲ್‌ ಆಗಬೇಕೆಂದು ಹಟ ಹಿಡಿದಿದ್ದರು. ನಿವೃತ್ತ ಹೆಡ್ ಮಾಸ್ತರು ಅವರು. ಹಾಜರಿ ಪುಸ್ತಕದಲ್ಲಿ ಇಲ್ಲದ್ದು ಜಗತ್ತಿನಲ್ಲಿಯೇ ಇಲ್ಲವೆಂದು ನಂಬಿದವರು.

"ದಾಖಲಿ ಬೇಕ್ರೀ ಮೇಡಮ್, ದಾಖಲಿ," ಎಂದರು ಮೊದಲ ದಿನವೇ. "ಎಷ್ಟ ಗಂಟೆಕ್ಕ ಹೋತು, ಏನಂತ ಹೋತು, ಎಲ್ಲಾ ಒಂದ ಕಡೆ ಕುಂದರಬೇಕು. ನಾಳೆ ಯಾರೂ ಬಾಯಿ ತಿರುವಬಾರದು."

ಕೆಲಸ ಕೇಳಿದರೆ ಸುಲಭ. ಒಂದು ವಿಳಾಸಕ್ಕೆ ಒಂದು ಪತ್ರ ಹಾಕಿದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೊಂದು ಪ್ರತಿ ಹೋಗಬೇಕು, ಒಂದು ಪ್ರತಿ ಸರ್ವರಿನ ಕಡತದಲ್ಲಿ ತಾರೀಖು ಸಮೇತ ಉಳಿಯಬೇಕು. ಅದಕ್ಕೆ ಪುಕ್ಕಟೆ ಸಿಗುವ ಒಳ್ಳೆಯ ತಂತ್ರಾಂಶಗಳಿವೆ. ತೊಡಕೆಂದರೆ ನಾಲ್ಕು ಊರಿನ ಮರ್ಯಾದೆ. ನಾಲ್ಕೂ ತಾಲೂಕಿನ ಕಚೇರಿಗಳಿಗೆ ವೆಬ್‌ಸೈಟ್ ಮಾಡುವವನೊಬ್ಬ ಹಿಂದೆಂದೋ ಬಂದು ಬೇರೆ ಬೇರೆ ಡೊಮೇನ್ ಮಾರಿ ಹೋಗಿದ್ದ. ನಾನು ಒಂದೇ ಡೊಮೇನ್ ಸಾಕು ಎಂದೆ. ಸಿಂದಗಿಯವರು ಇಂಡಿಯ ಹೆಸರಿನಲ್ಲಿ ಬರುವ ಟಪಾಲು ನಮಗೇಕೆ ಎಂದರು. ಇಂಡಿಯವರು ಬಾಗೇವಾಡಿ ಏನು ದೊಡ್ಡಪ್ಪನೇ ಎಂದರು. ಕೊನೆಗೆ ಬಾಡಿಗೆಯ ಒಂದೇ ಸರ್ವರಿನ ಮೇಲೆ ನಾಲ್ಕು ಡೊಮೇನ್, ನಾಲ್ಕಕ್ಕೂ ಒಂದೊಂದು ಪಟ್ಟಿ ಎಂದಾಯಿತು. ಹೆಸರು ಮಾತ್ರ ನಾಲ್ವರಿಗೂ ಒಂದೇ ಬೇಕು, 'ಸರದಿ'.

ನನಗೆ ಗೊತ್ತಿದ್ದ ಹಳೆಯ ತಂತ್ರಾಂಶಕ್ಕೆ ಇಡೀ ಸರ್ವರಿನಲ್ಲಿ ಒಂದು ಹೆಸರಿಗೆ ಒಂದೇ ಪಟ್ಟಿ. ಸಿಂದಗಿಯ ಸರದಿಗೆ ಪರೀಕ್ಷೆಗೆಂದು ಹಾಕಿದ ಪತ್ರ ಇಂಡಿಯ ಕಚೇರಿಯಲ್ಲಿ ಹೋಗಿ ಇಳಿಯಿತು. ಇಂಡಿಯ ಗುಮಾಸ್ತರು ಫೋನ್ ಮಾಡಿ, "ಸಿಂದಗಿಯವ್ರ ನೀರೂ ನಮಗs ಬಿಡಾಕತ್ತೀರೇನ್ರಿ?" ಎಂದು ನಕ್ಕರು. ಅದನ್ನೆಲ್ಲ ಕಿತ್ತು ಹೊಸ ಆವೃತ್ತಿ ಹಾಕಿದೆ. ಅದು ಹೆಸರಿನ ಜೊತೆ ಡೊಮೇನನ್ನೂ ನೋಡಿ ಪಟ್ಟಿಯನ್ನು ಗುರುತಿಸುತ್ತದೆ. ಆದರೆ ಅದಕ್ಕೂ ಮೇಲ್ ಸರ್ವರಿಗೂ ಮಾತುಕತೆ ಹೊಂದಿಸುವಷ್ಟರಲ್ಲಿ ಒಂದು ವಾರ ಹೋಯಿತು. ಬಂದ ಪತ್ರ ಒಳಗೆ ಹೋಗುತ್ತಿರಲಿಲ್ಲ, ಹೋದದ್ದು ಹೊರಗೆ ಬರುತ್ತಿರಲಿಲ್ಲ. ಒಂದು ಸಾಲು ತಿದ್ದುವುದು, ಸರ್ವರ್ ಮತ್ತೆ ಚಾಲೂ ಮಾಡುವುದು, ಉಗುರು ಕಚ್ಚುವುದು.

ಅದಾದ ಮೇಲೆ ಬಸ್ಸು ಸುತ್ತುವ ಕೆಲಸ. ಈ ಊರಿನ ಟಪಾಲು ಈ ಸರ್ವರಿನಿಂದಲೇ ಬರುತ್ತದೆ ಎಂದು ಸಾಕ್ಷಿ ಹೇಳುವ ಒಂದು ಸಾಲನ್ನು ಪ್ರತಿ ಡೊಮೇನಿನ ಖಾತೆಯಲ್ಲಿಯೂ ಸೇರಿಸಬೇಕಿತ್ತು. ಖಾತೆಯ ಪಾಸ್‌ವರ್ಡ್ ಯಾರ ಬಳಿಯಿದೆ ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು. ಸಿಂದಗಿಯದು ಒಂದು ಫೋಟೋ ಸ್ಟುಡಿಯೋದ ಮಾಲಕರ ಹತ್ತಿರ ಸಿಕ್ಕಿತು. ಮುದ್ದೇಬಿಹಾಳದ್ದನ್ನು ಇಟ್ಟುಕೊಂಡವರು ಕೆಲಸ ಬಿಟ್ಟು ತಂಗಡಗಿಯಲ್ಲಿ ಹೊಲ ಮಾಡಿಕೊಂಡಿದ್ದರು. ಅಲ್ಲಿಗೂ ಹೋದೆ. ಅವರು ಕೃಷ್ಣೆಯ ದಂಡೆಯ ಹೊಲದಿಂದ ಮನೆಗೆ ಕರೆದುಕೊಂಡು ಹೋಗಿ, ದೇವರ ಮಾಡದಿಂದ ಒಂದು ಲಗ್ನಪತ್ರಿಕೆ ತೆಗೆದು, ಅದರ ಹಿಂಬದಿಯಲ್ಲಿ ಬರೆದಿದ್ದ ಪಾಸ್‌ವರ್ಡ್ ಓದಿ ಹೇಳಿದರು. ನಾನು ಅವರ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಸಾಲು ಸೇರಿಸಿದೆ. ಆ ಎರಡು ತಿಂಗಳು ನಾನು ಒಂದು ಕಡೆ ನೆಟ್ಟಗೆ ಕೂತು ಊಟ ಮಾಡಿದ ನೆನಪಿಲ್ಲ. ಅವ್ವ, "ನಿಂತಲ್ಲಿ ನಿಲ್ಲಂಗಿಲ್ಲ, ಕುಂತಲ್ಲಿ ಕುಂದ್ರಂಗಿಲ್ಲ, ಏನಾಗೇತಿ ನಿನಗ?" ಎನ್ನುತ್ತಿದ್ದಳು. ಕೆಲಸ ಚೆನ್ನಾಗಿ ಆದರೆ ಗುತ್ತಿಗೆ ಮುಂದುವರಿಸುವುದಾಗಿ ಬಿರಾದಾರ ಸರ್ ಹೇಳಿದ್ದರು. ಅದು ನನ್ನ ತಲೆಯಲ್ಲಿ ಸದಾ ಗುಂಯ್‌ಗುಡುತ್ತಿತ್ತು.

ನೀಲವ್ವಕ್ಕನನ್ನು ನಾನು ಮೊದಲು ನೋಡಿದ್ದು ಇಂಡಿಯಲ್ಲಿ, ಕಾರ್ಯದರ್ಶಿಗಳಿಗೆ ಮೇಲ್ ತೆರೆಯುವುದನ್ನು ಕಲಿಸುವ ದಿನ. ಕಾಲುವೆಯ ಕಟ್ಟಕಡೆಯ ಊರಿನ ಸಂಘ ಅವರದು. ನಲವತ್ತರ ಆಸುಪಾಸು, ಪಿಯುಸಿ ಓದಿದವರು, ಮನೆಯಲ್ಲಿ ಕುರಿ ಹಿಂಡು. ಕುರಿ ಕಾಯುವವರ ಮನೆಯ ಹೆಣ್ಣುಮಗಳು ಸರದಿ ಹಂಚುವುದೆಂದರೆ ಊರಿನ ಕೆಲವು ದೊಡ್ಡ ಹೊಲದವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ. ಒಂದೇ ಒಂದು ಸರದಿ ತಪ್ಪಲಿ, ಕಾರ್ಯದರ್ಶಿಯ ಕೈಯಲ್ಲಿರುವ ಸಂಘದ ಮುದ್ರೆ ಕಸಿದುಕೊಳ್ಳೋಣ ಎಂದು ಅವರು ಕಾಯುತ್ತಿದ್ದರು. ಇದನ್ನು ಅವರೇ ನನಗೆ ನಗುತ್ತ ಹೇಳಿದ್ದು.

ಸಭೆಯಲ್ಲಿ ಎಲ್ಲರೂ ಹೂಂ ಹೂಂ ಎನ್ನುತ್ತಿದ್ದಾಗ ಎದ್ದು ನಿಂತವರು ಅವರೊಬ್ಬರೇ.

"ಮೇಲ್ ಬರ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಚೀಟಿ ನಿಂದ್ರಸಬ್ಯಾಡ್ರಿ. ನಮ್ಮದು ತುದಿ ಊರು. ನಮ್ಮ ತನಕ ಬರೂದ್ರಾಗ ನೀರೂ ಸಣ್ಣ ಆಗಿರ್ತೈತಿ, ಮಾತೂ ಸಣ್ಣ ಆಗಿರ್ತೈತಿ."

ಚೀಟಿ ಎಂದರೆ ದಸ್ತಗೀರಸಾಬರು. ಕಾಲುವೆ ಕಾಯುವ ಕೆಲಸದಲ್ಲಿ ಕೂದಲು ಬೆಳ್ಳಗಾದವರು, ಗ್ರೂಪ್ ಬಂದ ಮೇಲೂ ತುದಿಯ ಕಡೆಯ ಊರುಗಳಿಗೆ ಸರದಿಯ ಚೀಟಿಯನ್ನು ಸೈಕಲ್ ಮೇಲೆ ಒಯ್ಯುತ್ತಿದ್ದರು. ಚೀಟಿ ಕೊಟ್ಟು ಸುಮ್ಮನೆ ಹೋಗುವವರಲ್ಲ. ಇಸಿದುಕೊಂಡವರು ನಾಲ್ಕು ಮಂದಿಗೆ ಕೇಳುವ ಹಾಗೆ "ಮುಟ್ಟೇತ್ರೀ!" ಎಂದು, ಅಂದರೆ ಚೀಟಿ ತಲುಪಿದೆ ಎಂದು, ಕೂಗಬೇಕು. ಕೂಗುವ ತನಕ ಅವರು ಪೆಡಲಿನ ಮೇಲೆ ಕಾಲಿಡುತ್ತಿರಲಿಲ್ಲ. ಉಣ್ಣುತ್ತಿದ್ದವರೂ ತುತ್ತು ನುಂಗಿ ಕೂಗಬೇಕು. ಕೂಗದೆ ಸುಮ್ಮನಿದ್ದರೆ ಅವರಿಗೆ ಅವಮಾನ, ಊರಿಗೂ ಅವಮಾನ. ಊರೂರಿಗೂ ಚೀಟಿ ಹೋಗುತ್ತಿದ್ದ ಕಾಲದಿಂದ ಬಂದ, ಇಡೀ ಕಾಲುವೆಯ ರಿವಾಜು ಅದು.

ನನಗೆ ನೀಲವ್ವಕ್ಕನ ಮಾತು ಹಿಡಿಸಲಿಲ್ಲ. ಎರಡು ತಿಂಗಳು ನಿದ್ದೆಗೆಟ್ಟು ಕಟ್ಟಿದ್ದನ್ನು ಒಂದು ಸೈಕಲ್ ಜೊತೆ ತೂಗುತ್ತಾರಲ್ಲ ಎಂದು ಸಿಟ್ಟು ಬಂತು. "ಅಕ್ಕಾ, ಇದು ಕಣ್ಣು ಮುಚ್ಚಿ ತೆರೆಯೂದ್ರಾಗ ಬರ್ತೈತ್ರಿ. ತುದಿ ಊರು, ಮೊದಲ್ನೇ ಊರು ಅನ್ನೂದs ಇಲ್ಲ. ನನ್ನ ಮ್ಯಾಲ ಭರೋಸಾ ಇಡ್ರಿ," ಎಂದೆ. ಅವರು ಒಪ್ಪಿ ಕೂತರು. ಊರಿಗೆ ಹೋಗಿ ಸಂಘದ ಸಭೆ ಕರೆದು, ಇನ್ನು ಮೇಲೆ ಬಾಯಿಮಾತು ನಂಬಿ ಸಾಲಿಗೆ, ಅಂದರೆ ಹೊಲಗಾಲುವೆಗೆ, ಯಾರೂ ಸಲಿಕೆ ಹಾಕುವುದಿಲ್ಲ, ಮೇಲ್ ಬಂದರೆ ಮಾತ್ರ ಎಂದು ಠರಾವು ಮಾಡಿಸಿದರು. ಹೊಣೆ ನನ್ನದು ಎಂದು ಬರೆದು ಸಹಿಯನ್ನೂ ಹಾಕಿದರು. ದಸ್ತಗೀರಸಾಬರ ಚೀಟಿ ನಿಂತಿತು.

ಇನ್ನೊಂದು ಸಣ್ಣ ವಿಷಯ ಉಳಿದಿತ್ತು. ಪಟ್ಟಿಯಿಂದ ಬಂದ ಪತ್ರಕ್ಕೆ ಯಾರಾದರೂ ಉತ್ತರ ಬರೆದರೆ ಅದು ಕಳಿಸಿದವರಿಗೆ ಮಾತ್ರ ಹೋಗಬೇಕೋ, ಪಟ್ಟಿಯ ಎಲ್ಲರಿಗೂ ಹೋಗಬೇಕೋ ಎಂದು ತಂತ್ರಾಂಶ ಕೇಳುತ್ತದೆ. ಬಿರಾದಾರ ಸರ್ ಕನ್ನಡಕ ಸರಿಮಾಡಿಕೊಂಡು, "ಎಲ್ಲಾರಿಗೂ ಹೋಗ್ಲಿ. ಯಾರ್ಯಾರು ಓದ್ಯಾರ ಎಲ್ಲಾರಿಗೂ ಕಾಣ್ಲಿ. ಹಾಜರಿ ಆದಂಗ ಆತು," ಎಂದರು. ಹಾಗೆ ಮಾಡಬೇಡಿರೆಂಬ ಎಚ್ಚರಿಕೆ ಅದೇ ಪುಟದಲ್ಲಿತ್ತು. ಓದಿದ್ದೆ. ನಮ್ಮ ಜನ ಮೇಲ್‌ಗೆ ಎಲ್ಲಿ ಉತ್ತರ ಬರೆಯುತ್ತಾರೆ ಎಂದುಕೊಂಡು ಸರ್ ಹೇಳಿದ್ದನ್ನೇ ಒತ್ತಿದೆ.

ಮೊದಲ ಸರದಿ ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ನಾನಾಗ ಮುದ್ದೇಬಿಹಾಳದ ಬಸ್ಸಿನಲ್ಲಿದ್ದೆ. ಅಲ್ಲಿಯ ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುತ್ತಿಲ್ಲವೆಂದು ಕರೆದಿದ್ದರು. ಹತ್ತು ಗಂಟೆಗೆ ಪತ್ರ ಹೋಯಿತು. ತುದಿ ಊರಿಗೆ ಗುರುವಾರ, ಒಂದು ಹಗಲು ಒಂದು ರಾತ್ರಿ ನೀರು. ಐದು ನಿಮಿಷಕ್ಕೆ ಫೋನ್ ಟಿಣ್ ಎಂದಿತು. "ಮುಟ್ಟೇತಿ." ಇನ್ನೊಂದು ಟಿಣ್. "ಮುಟ್ಟೇತ್ರಿ ಸರ್." ಮತ್ತೊಂದು. ಆಮೇಲೆ ಅದು ನಿಲ್ಲಲೇ ಇಲ್ಲ. ಕೆಲವರು ಊರಿನ ಹೆಸರು ಸೇರಿಸಿದ್ದರು, ಕೆಲವರು ಕೈಮುಗಿದ ಚಿತ್ರ ಹಾಕಿದ್ದರು. ಸಿಂದಗಿ ತಾಲೂಕಿನ ಒಬ್ಬರು ಉಳಿದವರ ಮುಟ್ಟೇತಿಗಳಿಗೂ ಮರ್ಯಾದೆಯಿಂದ "ನಿಮ್ಮದೂ ಮುಟ್ಟೇತಿ" ಎಂದು ಒಬ್ಬೊಬ್ಬರಿಗೇ ಬರೆಯಲು ಶುರುಮಾಡಿದ್ದರು. ನನಗೆ ಹಿಗ್ಗೋ ಹಿಗ್ಗು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಏನವ್ವಾ, ಲಗ್ನ ಗೊತ್ತಾತೇನು?" ಎಂದು ಕೇಳುವಷ್ಟು ನಾನೊಬ್ಬಳೇ ನಗುತ್ತಿದ್ದೆ.

ಒಂದೊಂದು ಪಟ್ಟಿಯಲ್ಲಿ ಅರವತ್ತರಷ್ಟು ಸಂಘ. ಅರವತ್ತು ಮಂದಿ ಮುಟ್ಟೇತಿ ಎಂದರೆ, ಪ್ರತಿ ಮುಟ್ಟೇತಿಯೂ ಅರವತ್ತು ಮಂದಿಗೆ ಹೋಗುತ್ತದೆ. ಅಂಥವು ನಾಲ್ಕು ಪಟ್ಟಿ. ಈ ಗುಣಾಕಾರ ಮಾಡಲು ಬಿಸಿಎ ಬೇಕಾಗಿಲ್ಲ. ನಿನ್ನೆ ಹುಟ್ಟಿದ ನಮ್ಮ ಸರ್ವರು ಒಂದೇ ಮಾತಿನ ಸಾವಿರಾರು ಪತ್ರ ಕಾರತೊಡಗಿದ್ದನ್ನು ಕಂಡು ಹೊರಗಿನ ದೊಡ್ಡ ಸರ್ವರುಗಳು ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕಿಕೊಂಡವು. ಆಮೇಲಿನ ಪತ್ರಗಳೆಲ್ಲ ನಮ್ಮ ಸರ್ವರಿನ ಅಂಗಳದಲ್ಲಿಯೇ ಸಾಲಿನಲ್ಲಿ ನಿಂತವು. ಟಿಣ್ ಟಿಣ್ ನಿಂತಾಗ ನಾನು, ಪಾಪ, ಎಲ್ಲರೂ ಉಣ್ಣಲು ಹೋಗಿರಬೇಕು ಎಂದುಕೊಂಡೆ.

ಮೂರು ಗಂಟೆಯ ಮೇಲೆ ಬಿರಾದಾರ ಸರ್ ಇಂಡಿಯ ಪಟ್ಟಿಗೆ ಇನ್ನೊಂದು ಪತ್ರ ಹಾಕಿದರು. ಮೇಲಿನ ಊರಿನವರು ಈ ಸಲ ನಮಗೆ ನೀರು ಬೇಡ ಎಂದದ್ದರಿಂದ ತುದಿ ಊರಿನ ಸರದಿ ಗುರುವಾರದ ಬದಲು ಮಂಗಳವಾರ ನಸುಕಿಗೇ ಬಂದಿದೆ ಎಂಬುದು ಅದರ ಸಾರ. ಈ ಪತ್ರ ನನಗೆ ಗೊತ್ತಿರಲಿಲ್ಲ. ಅದು ಹೋಗಿ ಮುಟ್ಟೇತಿಗಳ ಹಿಂದೆ ನಿಂತುಕೊಂಡಿತು.

ಸಂಜೆ ಆರಕ್ಕೆ ನಾನು ಮುದ್ದೇಬಿಹಾಳದ ನಿಲ್ದಾಣದಲ್ಲಿ ತಾಳಿಕೋಟೆಯ ಬಸ್ಸಿಗೆ ನಿಂತಿದ್ದಾಗ ನೀಲವ್ವಕ್ಕನ ಫೋನ್ ಬಂತು.

"ಸುಜಾತಾ, ನಮ್ಮವ್ರು ಕುರಿ ಹೊಡ್ಕೊಂಡು ಮ್ಯಾಲಿನ ಗೇಟಿನ ಕಡೆ ಹೋಗಿದ್ರು. ನಾಳೆ ನಸಿಕಿನ್ಯಾಗ ನಮ್ಮ ಕಡೆ ನೀರ ಬಿಡ್ತಾರಂತ ಅಲ್ಲಿ ಮಾತಾಡಾಕತ್ತಿದ್ರಂತ. ಮೇಲಿನ್ಯಾಗ ನೋಡಿದ್ರ ಗುರುವಾರ ಐತಿ. ಸಾಲಿನ ಹುಲ್ಲು ಬುಧವಾರ ಕೀಳೂದಂತ ಇಟ್ಕೊಂಡೇವಿ. ಏನರೆ ಬದಲಾಗೇತೇನು?"

ಬಸ್ಸು ತಿರುವಿನಲ್ಲಿ ಕಾಣುತ್ತಿತ್ತು. ಜನ ಆಗಲೇ ನುಗ್ಗಲು ಸೊಂಟ ಕಟ್ಟಿದ್ದರು. ನಾನು ಸರ್‌ಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಮೂರು ನಿಮಿಷದ ಕೆಲಸ.

"ಬದಲಾದ್ರ ಮೇಲ್ ಬಂದs ಬರ್ತೈತ್ರಿ ಅಕ್ಕಾ," ಎಂದೆ. "ಬಂದಿಲ್ಲಂದ್ರ ಬದಲಾಗಿಲ್ಲ. ನಿಶ್ಚಿಂತಿ ಇರ್ರಿ."

"ಹಂಗಂತಿ?"

"ಹಂಗs ರೀ."

ಅವರು ನಿಶ್ಚಿಂತೆಯಿಂದ ಇದ್ದರು. ಮರುದಿನ ನಸುಕಿಗೆ ಅವರ ಊರಿಗೆ ನೀರು ಬಂತು. ಹುಲ್ಲು ಕಟ್ಟಿಕೊಂಡಿದ್ದ ಸಾಲಿನಲ್ಲಿ ಹಾಯಲಾರದೆ ಒಡ್ಡು ಒಡೆದು ಹಳ್ಳದ ಹಾದಿ ಹಿಡಿಯಿತು. ಊರವರು ಸಲಿಕೆ ಹಿಡಿದು ಓಡಿ, ಒಡ್ಡು ಕಟ್ಟಿ, ಹುಲ್ಲು ಕಿತ್ತು ಮುಗಿಸುವಷ್ಟರಲ್ಲಿ ಗೇಟು ಇಳಿದಿತ್ತು. ಬಿಳಿಜೋಳ ಆಗ ತೆನೆ ಕಟ್ಟುವ ಹೊತ್ತು. ಬೆಳೆ ಸಾಯಲಿಲ್ಲ, ಮುಂದಿನ ಸರದಿಯ ನೀರು ಸಿಕ್ಕಿತು, ಆದರೆ ಕಾಳು ಸಣ್ಣದಾಯಿತು. ಅದಕ್ಕಿಂತ ಹೆಚ್ಚಾಗಿ, ಮುದ್ರೆಗೆ ಕಾಯುತ್ತಿದ್ದ ದೊಡ್ಡ ಹೊಲದವರಿಗೆ ಅವರು ಕಾಯುತ್ತಿದ್ದದ್ದು ಸಿಕ್ಕಿತು.

ನಾನು ಲಾಗ್ ತೆಗೆದದ್ದು ಮಂಗಳವಾರ ಮಧ್ಯಾಹ್ನ. ಲಾಗ್ ಎಂದರೆ ಸರ್ವರು ತನ್ನ ಕೆಲಸವನ್ನು ತಾನೇ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುವ ದಿನಚರಿ. ಅದರಲ್ಲಿ ಸುಳ್ಳಿಗೆ ಜಾಗವಿಲ್ಲ. ತಡೆಯಲಾಗಿದೆ, ತಡೆಯಲಾಗಿದೆ ಎಂಬ ಸಾಲುಗಳು ಪರದೆಯ ತುಂಬ ಉರುಳಿದವು. ಅವುಗಳ ನಡುವೆ ಸರ್ ಹಾಕಿದ ಆ ಪತ್ರ, ನೀಲವ್ವಕ್ಕನ ವಿಳಾಸ, ಮತ್ತೆ ಅದೇ ಮಾತು. ಉತ್ತರಗಳು ಕಳಿಸಿದವರಿಗಷ್ಟೇ ಹೋಗುವಂತೆ ಬದಲಾಯಿಸಿದೆ, ಸಾಲಿನಲ್ಲಿ ನಿಂತಿದ್ದ ಮುಟ್ಟೇತಿಗಳನ್ನೆಲ್ಲ, ಹೊತ್ತು ಮೀರಿದ್ದ ಸರ್ ಪತ್ರವನ್ನೂ ಸೇರಿಸಿ, ಅಳಿಸಿದೆ, ತಡೆ ತೆಗೆಯಿರೆಂದು ಹೊರಗಿನವರಿಗೆ ಬರೆದೆ. ಬಿರಾದಾರ ಸರ್‌ಗೆ, "ಒಂಚೂರು ತ್ರಾಸ ಆಗಿತ್ರಿ, ಸರಿ ಮಾಡೇನಿ," ಎಂದಷ್ಟೇ ಹೇಳಿದೆ.

ಆ ದಿನಚರಿಯನ್ನು ಸರ್ವರು ಏಳು ದಿನ ಮಾತ್ರ ಇಟ್ಟುಕೊಳ್ಳುತ್ತಿತ್ತು, ಎಂಟನೆಯ ದಿನ ತಾನಾಗಿ ಅಳಿಸಿ ಹಾಕುತ್ತಿತ್ತು. ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಸುಮ್ಮನಿದ್ದರೆ ಸಾಕು, ಎಲ್ಲವೂ ತಾನಾಗಿ ಮಾಯವಾಗುತ್ತದೆ. ಬೆಳಿಗ್ಗೆ ಎದ್ದರೆ ಹಾಗನ್ನಿಸುತ್ತಿತ್ತು, ಮಧ್ಯಾಹ್ನ ನನ್ನ ಮೇಲೆಯೇ ಹೇಸಿಗೆ ಹುಟ್ಟುತ್ತಿತ್ತು. ಚಹಾ ತರಿಸಿ ಕುಡಿಯದೆ ಬಿಡುತ್ತಿದ್ದೆ. ಫೋನ್ ತೆಗೆದು ನೀಲವ್ವಕ್ಕನ ಹೆಸರು ನೋಡಿ ಇಡುತ್ತಿದ್ದೆ. ಆರನೆಯ ದಿನ ಆ ಸಾಲುಗಳನ್ನು ಪ್ರಿಂಟ್ ತೆಗೆದು, ನಾಲ್ಕು ಮಡಿಕೆ ಮಾಡಿ ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ. ಇಟ್ಟುಕೊಂಡದ್ದೇ ದೊಡ್ಡ ಧೈರ್ಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎಂಟನೆಯ ದಿನ ಇಂಡಿಯ ಕಚೇರಿಯಲ್ಲಿ ಸಭೆ. ತುದಿ ಊರಿನಿಂದ ಹತ್ತು ಹನ್ನೆರಡು ಜನ ಬಂದಿದ್ದರು. ನೀಲವ್ವಕ್ಕ ಗೋಡೆಯ ಪಕ್ಕ ಕೂತಿದ್ದರು. ಬಿರಾದಾರ ಸರ್ ಪಟ್ಟಿಯ ಕಡತದಿಂದ ತೆಗೆದ ಹಾಳೆ ಎತ್ತಿ ತೋರಿಸಿದರು.

"ಇಲ್ಲಿ ನೋಡ್ರಿ. ಸೋಮವಾರ, ಮೂರು ಗಂಟಿ ಹನ್ನೆರಡು ನಿಮಿಷ. ಸರದಿ ಬದಲಾಗೇತಂತ ನಾವು ಹಾಕೇವಿ. ಇದು ದಾಖಲಿ. ಹೌದಲ್ರೀ ಮೇಡಮ್, ಇದು ಕಡತದಾಗ ಐತಲ್ಲ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಪತ್ರ ಸರ್ವರಿಗೆ ಬಂದ ಹೊತ್ತನ್ನು ಕಡತ ಬರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಯಾರಿಗೆ ತಲುಪಿತು, ಯಾರಿಗೆ ಇಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು. ಚೀಲದ ಒಳಜೇಬಿನ ಮೇಲೆ ನನ್ನ ಕೈಯಿತ್ತು.

"ಐತ್ರಿ ಸರ್," ಎಂದೆ.

ಹಿಂದಿನಿಂದ ಒಬ್ಬರು, "ಮೇಲ್ ಬಂದೈತಿ, ಕಾರ್ಯದರ್ಶಿಯವ್ರಿಗೆ ಕುರಿ ಎಣಸೂದ್ರಾಗ ಪುರಸೊತ್ತಾಗಿಲ್ಲ," ಎಂದರು. ಎರಡು ಮೂರು ಜನ ನಕ್ಕರು. ನೀಲವ್ವಕ್ಕ ಎದ್ದರು. ನನ್ನ ಕಡೆ ನೋಡಿದರು.

"ಬಂದಿಲ್ಲಂತ ನಾ ಅಂತೇನಿ. ಬಂದೈತಂತ ಕಾಗದ ಅಂತೈತಿ. ಬಾಯಿಮಾತು ನಡೆಯೂದಿಲ್ಲಂತ ಠರಾವು ಮಾಡಿಸಿದಾಕಿ ನಾನs ಅದೇನಿ," ಎಂದು ಸಂಘದ ಮುದ್ರೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟು ಹೊರಗೆ ಹೋದರು.

ಸೋಮವಾರ ಸಂಜೆಯ ಫೋನಿನ ಸುದ್ದಿಯನ್ನು ಅವರು ಎತ್ತಲೇ ಇಲ್ಲ. ಈ ಹುಡುಗಿಯೇ ನನಗೆ ನಿಶ್ಚಿಂತಿ ಇರು ಎಂದಳು ಎಂದು ನನ್ನ ಕಡೆ ಬೆರಳು ತೋರಿಸಿದ್ದರೆ ನಾನು ಅಲ್ಲಿಯೇ ಬಾಯಿ ಬಿಡುತ್ತಿದ್ದೆನೇನೋ. ಬಾಯಿಮಾತು ನಡೆಯದು ಎಂದ ಮೇಲೆ ನನ್ನ ಬಾಯಿಮಾತನ್ನೂ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಬಿರಾದಾರ ಸರ್ ನನ್ನ ಕಡೆ ಬಾಗಿ, "ಇವತ್ತs ಆಕಿ ವಿಳಾಸ ಪಟ್ಟಿಯಿಂದ ತಗದ್ಬಿಡ್ರಿ," ಎಂದರು.

ಸಭೆ ಮುಗಿದ ಕೂಡಲೇ ಬಸ್ ನಿಲ್ದಾಣಕ್ಕೆ ಓಡಿದೆ. ನಿಂಬೆಕಾಯಿಯ ಚೀಲಗಳ ಪಕ್ಕದ ಕಲ್ಲುಬೆಂಚಿನ ಮೇಲೆ ನೀಲವ್ವಕ್ಕ ಕೂತಿದ್ದರು. ಪ್ರಿಂಟನ್ನು ಅವರ ಕೈಗೆ ಕೊಟ್ಟೆ. ಅವರು ಬೆರಳಿಟ್ಟು ನಿಧಾನವಾಗಿ ಓದಿ, ತಮ್ಮ ವಿಳಾಸದ ಸಾಲಿಗೆ ಬಂದಾಗ ನಿಂತರು.

"ತಡದೈತಿ ಅಂತಲ್ಲ ಇದರ ಅರ್ಥ?"

"ಹೌದ್ರಿ ಅಕ್ಕಾ. ನಿಮಗ ಮುಟ್ಟಿಲ್ಲ. ತಪ್ಪು ನಂದ್ರಿ."

ಅವರು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ನನಗೆ ವಾಪಸು ಕೊಟ್ಟರು.

"ಇದನ್ನ ನನಗ್ಯಾಕ ಕೊಡ್ತಿ? ನನಗ ಮುಟ್ಟಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದವ್ರು ಅಲ್ಲಿದ್ರು."

ಬಸ್ಸು ಬಂತು. ಅವರು ಹತ್ತಿ ಹೋದರು, ತಿರುಗಿ ನೋಡಲಿಲ್ಲ.

ನಾನು ಅದೇ ಬೆಂಚಿನ ಮೇಲೆ ಕೂತೆ. ಎರಡು ಬಸ್ಸು ತಪ್ಪಿಸಿದೆ. ಮೊಬೈಲಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಇಷ್ಟು ಉಳಿಯಿತು: ಸೋಮವಾರ ಸರದಿ ಬದಲಾದ ಪತ್ರ ನಮ್ಮ ಸರ್ವರಿನಿಂದ ಹೊರಗೆ ಹೋಗಿಲ್ಲ. ಉತ್ತರಗಳು ಎಲ್ಲರಿಗೂ ಹೋಗುವಂತೆ ಪಟ್ಟಿ ಕಟ್ಟಿದ್ದು ನಾನು. ಅದರಿಂದಲೇ ಪತ್ರಕ್ಕೆ ತಡೆ ಬಿತ್ತು. ಅದೇ ಸಂಜೆ ನೀಲವ್ವನವರು ನನ್ನನ್ನು ಕೇಳಿದರು, ನಾನು ವಿಚಾರಿಸದೆ ಬದಲಾಗಿಲ್ಲ ಎಂದೆ. ಇವತ್ತು ಸಭೆಯಲ್ಲಿ ಗೊತ್ತಿದ್ದೂ ಹೇಳಲಿಲ್ಲ. ಸರ್ವರಿನ ದಿನಚರಿಯನ್ನು ಜೊತೆಗೆ ಇಟ್ಟಿದ್ದೇನೆ. ಸುಜಾತಾ.

ಪ್ರಿಂಟಿನ ಫೋಟೋ ತೆಗೆದು ಸೇರಿಸಿ ನಾಲ್ಕೂ ಊರಿನ ಸರದಿಗೆ ಕಳಿಸಿದೆ. ನೀಲವ್ವಕ್ಕನ ವಿಳಾಸವನ್ನು ಪಟ್ಟಿಯಿಂದ ತೆಗೆದಿರಲಿಲ್ಲ.

ಈಗ ಉತ್ತರಗಳು ಬರೆದವರಿಂದ ನನಗೊಬ್ಬಳಿಗೇ ಬರುತ್ತಿದ್ದವು. ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಫೋನ್ ಟಿಣ್ ಎಂದಿತು. "ಮುಟ್ಟೇತಿ." ಮತ್ತೆ ಟಿಣ್. ರಾತ್ರಿಯವರೆಗೂ ಬಂದವು. ಯಾರೂ ಬೈಯಲಿಲ್ಲ, ಹೊಗಳಲಿಲ್ಲ, ಬರೀ ಮುಟ್ಟೇತಿ. ಬಿರಾದಾರ ಸರ್ ಮಾತ್ರ ಪುಸ್ತಕದ ಕನ್ನಡದಲ್ಲಿ "ಮುಟ್ಟಿದೆ" ಎಂದು ಬರೆದು ಪೂರ್ಣವಿರಾಮ ಇಟ್ಟಿದ್ದರು. ಗುತ್ತಿಗೆ ಮುಂದುವರಿಯಲಿಲ್ಲ. ಮುಂದಿನ ತಿಂಗಳು ತುದಿ ಊರಿನ ಸಂಘ ನೀಲವ್ವಕ್ಕನಿಗೆ ಮುದ್ರೆ ವಾಪಸು ಕೊಟ್ಟಿತು ಎಂದು ಇಂಡಿಯ ಗುಮಾಸ್ತರಿಂದ ಕೇಳಿದೆ. ಮೇಲ್ ಜೊತೆ ದಸ್ತಗೀರಸಾಬರ ಚೀಟಿಯೂ ಬರಬೇಕು ಎಂದು ಷರತ್ತು ಹಾಕಿಯೇ ತೆಗೆದುಕೊಂಡರಂತೆ. ಅವರಿಂದ ನನಗೆ ಮಾತ್ರ ಉತ್ತರ ಬರಲಿಲ್ಲ. ವಿಜಯಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಬದುಕು ನಡೆಯಿತು. ಆದರೆ ಟಿಣ್ ಎಂದಾಗಲೆಲ್ಲ ಮೊದಲು ನೆನಪಾಗುವುದು ಆ ಒಂದು ವಿಳಾಸ. ಫೋನ್ ಮಾಡಲು ಮುಖವಿರಲಿಲ್ಲ.

ಕಳೆದ ವಾರ ಆ ವಾಸನೆ ಬಂದಾಗ ನಾನು ಕಂಡಕ್ಟರನಿಗೆ ಹೇಳಿ ದಾರಿಯಲ್ಲೇ ಇಳಿದೆ. ಆಟೋ ಹಿಡಿದು ತುದಿ ಊರಿಗೆ ಹೋದೆ. ತೊಟ್ಟಿಲಿಗೆಂದು ತಂದಿದ್ದ ಕುಲಾವಿ ಚೀಲದಲ್ಲಿಯೇ ಇತ್ತು. ಊರ ಹೊರಗೆ ಮೊಣಕಾಲ ತನಕ ಸೀರೆ ಎತ್ತಿಕಟ್ಟಿ ನೀಲವ್ವಕ್ಕ ನೀರು ಹಾಯಿಸುತ್ತಿದ್ದರು. ನನ್ನನ್ನು ಕಂಡು ಸಲಿಕೆಯನ್ನು ಒಡ್ಡಿಗೆ ಚುಚ್ಚಿ ನಿಂತರು. ಹೆಂಗದಿ, ಅವ್ವ ಹೆಂಗದಾರ, ಚಹಾ ಕುಡೀತಿಯೇನು ಎಂದೆಲ್ಲ ಆಯಿತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ನಾ ಕಳಿಸಿದ ಮೇಲ್ ನಿಮಗ..."

"ಮುಟ್ಟಿತ್ತಲ್ಲವ್ವಾ," ಎಂದರು. "ಬಸ್ಸಿನ್ಯಾಗ ಇದ್ದಾಗs ಓದೀನಿ."

"ಮತ್ತ ಒಂದು ಮಾತು ಬರೀಲಿಲ್ಲಲ್ರೀ?"

ಅವರು ಬಗ್ಗಿ ಸಲಿಕೆ ಎತ್ತಿ, ಒಂದು ಸಾಲಿನ ಬಾಯಿ ಮುಚ್ಚಿ, ಇನ್ನೊಂದು ಸಾಲಿನ ಬಾಯಿ ತೆರೆದರು. ನೀರು ಆ ಕಡೆ ತಿರುಗಿತು.

"ಮುಟ್ಟೇತಿ ಅಂತ ನಾ ಬರದು ಕಳಿಸಿದ್ರ ನೀ ನಿಶ್ಚಿಂತಿಲೆ ಇರ್ತಿದ್ದಿ," ಎಂದರು.